ಹನ್ನೆರಡನೆಯ ನೋಡುಗ

ಗಾಜಿನ ಕಪಾಟಿನ ಮೇಲಿಟ್ಟಿದ್ದ ಫೋನ್ ಒಮ್ಮೆ ಗುರ್ ಎಂದು ಸುಮ್ಮನಾಯಿತು. ರಾತ್ರಿ ಹನ್ನೆರಡೂ ಮುಕ್ಕಾಲು. ಆ ಹೊತ್ತಿನ ಸದ್ದನ್ನೆಲ್ಲ ಅಕ್ಕನ ಸುದ್ದಿಯೆಂದೇ ತಿಳಿದು ಎದೆ ಹಿಡಿದುಕೊಳ್ಳುವುದು ನನಗೆ ಎಂಟು ತಿಂಗಳಿಂದ ಅಭ್ಯಾಸವಾಗಿದೆ.

ಅಕ್ಕನದಲ್ಲ. ನಮ್ಮ ವೆಬ್‌ಸೈಟಿಗೆ ಜಾಗ ಕೊಟ್ಟಿರುವ ಹೋಸ್ಟಿಂಗ್ ಕಂಪನಿಯದು. ಈ ತಿಂಗಳ ಡೇಟಾದಲ್ಲಿ ನೂರಕ್ಕೆ ತೊಂಬತ್ತು ಮುಗಿದಿದೆ ಎಂಬ ಎಚ್ಚರಿಕೆ. ತಿಂಗಳು ಇನ್ನೂ ಅರ್ಧ ಕಳೆದಿರಲಿಲ್ಲ.

ಅಕ್ಕ ಭಾವನ ಮನೆ ಬಿಟ್ಟು ಬಂದವಳು. ಬಿಟ್ಟು ಹೋದರೆ ಹುಡುಕಿ ಮುಗಿಸುತ್ತೇನೆಂದು ಅವನು ಕೂಗಾಡಿ ಹೇಳಿರಲಿಲ್ಲ, ಊಟ ಮಾಡುತ್ತ ತಣ್ಣಗೆ ಹೇಳಿದ್ದ. ಭಾವನನ್ನು 'ಅವರು' ಎನ್ನುವುದನ್ನು ನಾನು ಅಂದೇ ಬಿಟ್ಟೆ. ಈಗ ಅಕ್ಕ ಬೇರೆ ಊರಲ್ಲಿ ಒಂದು ಕೋಣೆ ಹಿಡಿದು ಬಟ್ಟೆ ಹೊಲಿಯುತ್ತಾಳೆ. ಅದು ಅವಳ ಮೂರನೆಯ ಕೋಣೆ. "ಇನ್ನೊಂದು ಸಲ ಓಡಬೇಕಾದ್ರೆ ನಿನಗೂ ಹೇಳದೆ ಓಡ್ತೀನಿ ಕಣೇ," ಎಂದಿದ್ದಳು.

ಹರಿದ ಬಟ್ಟೆಗೆ ಮರುಜೀವ ಕೊಡುವುದನ್ನು ತೋರಿಸುವ ವಿಡಿಯೊ ಪಾಡ್‌ಕಾಸ್ಟ್ ಅವಳದೇ ಆಸೆ. ಕೈ ಮಾತ್ರ ಕಾಣಬೇಕು, ಮುಖವಿಲ್ಲ. ದೊಡ್ಡ ವಿಡಿಯೊ ತಾಣಗಳು ಬೇಡವೆಂದವಳು ನಾನು. ಅವು ಯಾರ ಮುಂದೆ ಏನು ತಂದು ಸುರಿಯುತ್ತವೋ ಹೇಳಲಾಗದು. ನಮ್ಮವರ ಕನ್ನಡಕದಂಗಡಿಯ ವೆಬ್‌ಸೈಟಿತ್ತು. ಅದರ ಮೂಲೆಯಲ್ಲೊಂದು ಫೋಲ್ಡರ್ ಮಾಡಿ ವಿಡಿಯೊಗಳನ್ನು ಇಟ್ಟೆ.

"ಕಾಗೆ ಗೂಡಲ್ಲಿ ಕೋಗಿಲೆ ಮೊಟ್ಟೆ ಇಟ್ಟ ಹಾಗಾಯ್ತು," ಎಂದು ಇವರು ನಕ್ಕಿದ್ದರು. "ಕಾಗೆ ನಾನೇ ತಾನೆ?"

"ನಿಮ್ಮವರ ಕಂಠ ಕೇಳಿದ್ರೆ ಅನುಮಾನವೇ ಇಲ್ಲ," ಎಂದು ಫೋನಿನಲ್ಲಿ ಅಕ್ಕ.

ಪಾಡ್‌ಕಾಸ್ಟಿನ ಫೀಡ್ ಎಂದರೆ ವಿಡಿಯೊಗಳ ಒಂದು ಪಟ್ಟಿ, ಅಷ್ಟೆ. ನೋಡುಗರ ಆ್ಯಪ್‌ಗಳು ಆಗಾಗ ಬಂದು ಅದನ್ನು ಓದಿ, ಹೊಸ ವಿಡಿಯೊ ಇದ್ದರೆ ಇಳಿಸಿಕೊಳ್ಳುತ್ತವೆ. ಫೋಲ್ಡರಿಗೆ ಬಿದ್ದದ್ದನ್ನೆಲ್ಲ ತಾನೇ ಪಟ್ಟಿಗೆ ಸೇರಿಸುವ ಪುಟ್ಟ ಪ್ರೋಗ್ರಾಮನ್ನು ನಾನು ಬರೆದಿದ್ದೆ. ಯಾರು ಬಂದರು, ಏನು ಒಯ್ದರು ಎಂಬುದು ಸರ್ವರಿನ ಲಾಗ್‌ನಲ್ಲಿ ದಾಖಲಾಗುತ್ತದೆ. ದಿನಾ ಓದುತ್ತಿದ್ದೆ. ಹನ್ನೊಂದು ಜನ. ಎಲ್ಲರ ಆ್ಯಪ್‌ಗಳೂ ಬೆಳಗಿನ ಜಾವ ಬರುತ್ತಿದ್ದವು.

ನಾಲ್ಕು ದಿನದ ಹಿಂದೆ ಹನ್ನೆರಡನೆಯವರು ಬಂದರು. ಒಂದೇ ರಾತ್ರಿ ಇಪ್ಪತ್ತಮೂರು ಕಂತುಗಳನ್ನೂ ಇಳಿಸಿಕೊಂಡರು. ಆಮೇಲೆ ಐದೈದು ನಿಮಿಷಕ್ಕೊಮ್ಮೆ ಬಂದು ಪಟ್ಟಿ ನೋಡುತ್ತಿದ್ದರು.

ಈಗ ಲಾಗ್ ತೆರೆದೆ. ಹನ್ನೊಂದು ಗಂಟೆ ದಾಟಿದ ಮೇಲೆ ನಾನು ಮಾಡಿದ ಒಪ್ಪಓರಣ ನೆನಪಾಯಿತು. ಅಕ್ಕ ಕಳಿಸುವ ಕತ್ತರಿಸದ ವಿಡಿಯೊಗಳ 'ಕಚ್ಚಾ' ಫೋಲ್ಡರ್ ಹೊರಗೆ ಒಂಟಿಯಾಗಿ ಬಿದ್ದಿದೆಯಲ್ಲ ಎಂದು ಅದನ್ನು ಪಾಡ್‌ಕಾಸ್ಟ್ ಫೋಲ್ಡರಿನ ಒಳಗೆ ಸರಿಸಿದ್ದೆ. ನನ್ನ ಪ್ರೋಗ್ರಾಮು ಒಳಗಿನ ಫೋಲ್ಡರುಗಳಲ್ಲೂ ಹುಡುಕುತ್ತದೆ. ನಾನೇ ಹಾಗೆ ಬರೆದಿದ್ದೆ. ಫೋಲ್ಡರಿನಲ್ಲಿ ಇದ್ದದ್ದು ಒಂದೇ, ಮೊನ್ನೆ ಬಂದದ್ದು.

ಅದರ ಕೊನೆಯಲ್ಲಿ ಹನ್ನೊಂದು ಸೆಕೆಂಡುಗಳಿವೆ. ಅಕ್ಕ ಎದ್ದು ಬೆಳಕಿಗೆಂದು ಕಿಟಕಿ ತೆರೆಯುತ್ತಾಳೆ. ಎದುರಿಗೆ ಸೈಕಲ್ ಅಂಗಡಿಯ ಬೋರ್ಡು, ಅದರ ಮೇಲೆ ಬೀದಿಯ ಹೆಸರು, ಫೋನ್ ನಂಬರು. ಅವಳು ತಿರುಗಿ, ಪೂರ್ತಿ ಮುಖ ಕಾಣುವಂತೆ, ನನಗೆ ಹೇಳುತ್ತಾಳೆ: "ಸೂಜಿಗೆ ದಾರ ಹಾಕೋಕೂ ಕಣ್ಣು ಕಾಣಲ್ವೇ. ನಿಮ್ಮವರಿಗೆ ಹೇಳಿ ಒಂದು ಕನ್ನಡಕ ಕಳಿಸು."

ಆ ವಿಡಿಯೊವನ್ನು ಇಳಿಸಿಕೊಂಡದ್ದು ಹನ್ನೆರಡನೆಯವರು ಮಾತ್ರ. ಹನ್ನೊಂದೂಕಾಲಕ್ಕೆ ಒಮ್ಮೆ, ಹನ್ನೆರಡಕ್ಕೆ ಮತ್ತೊಮ್ಮೆ. ಮೂರನೆಯ ಸಲ ಕೊನೆಯ ತುಣುಕನ್ನಷ್ಟೇ.

ಅಳಿಸಿದೆ. ಲಾಗ್‌ನಲ್ಲಿದ್ದ ಅವರ ಇಂಟರ್‌ನೆಟ್ ನಂಬರು ಯಾವ ಊರಿನದೆಂದು ಹುಡುಕಿದೆ. ಭಾವನ ಊರು. ಅಲ್ಲಿ ಲಕ್ಷಾಂತರ ಜನರಿದ್ದಾರೆ. ನೆಟ್ ಕಡಿದರೆ ಆ್ಯಪ್‌ಗಳು ತುಣುಕುಗಳನ್ನು ಮತ್ತೆ ಕೇಳುವುದೂ ಉಂಟು. ಬೆಳಗಿನವರೆಗೆ ಹೀಗೆಂದುಕೊಂಡೇ ಕೂತಿದ್ದೆ.

ಏಳಕ್ಕೆ ಅಕ್ಕನ ಫೋನು.

"ನೋಡೋರು ಈಗ ಎಷ್ಟು ಜನ ಆದ್ರೇ?"

"ಹನ್ನೆರಡು."

"ಅಯ್ಯೋ, ಡಜನ್ ಆಯ್ತಲ್ಲೇ! ಯಾರಂತೆ ಅವರು?"

"ಯಾರೋ, ಅಕ್ಕಾ."

"ಯಾರಾದ್ರೂ ಆಗ್ಲಿ, ಪುಣ್ಯಾತ್ಮರು." ಎಷ್ಟೋ ದಿನಗಳ ಮೇಲೆ ಅವಳು ಬಾಯಿ ತುಂಬ ನಕ್ಕಳು. ನಿಜ ಹೇಳಿದರೆ ಸಂಜೆಯೊಳಗೆ ಆ ಕೋಣೆ ಖಾಲಿಯಾಗುತ್ತಿತ್ತು, ಅವಳ ಫೋನ್ ನಂಬರು ಸತ್ತಿರುತ್ತಿತ್ತು, ಅವಳೆಲ್ಲಿದ್ದಾಳೆಂಬುದು ಭಾವನಂತೆ ನನಗೂ ತಿಳಿಯದಾಗುತ್ತಿತ್ತು.

"ಇದೇನು, ಮುಖ ಹೀಗೆ ಬಾಡಿದೆ?" ಎಂದರು ಇವರು, ಅಕ್ಕನ ಹೊಸ ಕನ್ನಡಕವನ್ನು ಒರೆಸುತ್ತ. "ನಿದ್ದೆ ಮಾಡಿಲ್ವಾ?"

"ಸೆಖೆ."

ಅವರು ಕನ್ನಡಕವನ್ನು ಅಂಗಡಿಯ ನೀಲಿ ಪೆಟ್ಟಿಗೆಯಲ್ಲಿಟ್ಟು ನನ್ನ ಕೈಗೆ ಕೊಟ್ಟರು. ಮುಚ್ಚಳದ ಮೇಲೆ ನಮ್ಮ ವೆಬ್‌ಸೈಟಿನ ವಿಳಾಸ, ಬಂಗಾರದ ಅಕ್ಷರಗಳಲ್ಲಿ. ಎರಡು ವರ್ಷದ ಹಿಂದೆ ಇಂಥದೇ ಪೆಟ್ಟಿಗೆಯನ್ನು ಭಾವನಿಗೂ ಕೊಟ್ಟಿದ್ದೆವು.

ಪಾರ್ಸೆಲ್ ಕಟ್ಟಿದೆ. ಮೇಲೆ ಸೈಕಲ್ ಅಂಗಡಿಯ ಎದುರಿನ ವಿಳಾಸವನ್ನು ದುಂಡಗೆ ಬರೆದೆ. ಆಮೇಲೆ ಒಳಗೆ ಹೋಗಿ ಲಾಗ್‌ನ ಆ ಸಾಲುಗಳನ್ನೂ ಅಳಿಸಿದೆ. ಅಕ್ಕನಿಗೂ ಇಲ್ಲ, ಇವರಿಗೂ ಇಲ್ಲ. ಯಾರಿಗೂ ಹೇಳುವುದಿಲ್ಲ.