ವಸ್ಫಿಯಾ ಹಾಜ್ಜಾ ಸ್ವಂತ ಮನೆಯನ್ನು ಹೊಗಳಿದ್ದು

ಉಪ್ಪು-ಖಾರ ಹಚ್ಚದೆ ಸುದ್ದಿ ಹೇಳುವುದು ಅಮ್ಮಾನಿನ ಲುವೈಬ್ದೆ ಗುಡ್ಡದವರಿಗೆ ಗೊತ್ತಿಲ್ಲ. ಆದರೂ ಇದು ನಡೆದದ್ದೇ, ಖಾರ ಮಾತ್ರ ಹಾಜ್ಜಾರ ಬಾಯಿಯದು.

ಹಜ್ ಯಾತ್ರೆ ಮುಗಿಸಿ ಹಾಜ್ಜಾ ಎನಿಸಿಕೊಂಡ ವಸ್ಫಿಯಾ ತಮ್ಮ ಮನೆಯ ಮಹಡಿಯನ್ನು ಲಬೀಬ್ ಮೇಷ್ಟ್ರ ಸಂಸಾರಕ್ಕೆ ಬಾಡಿಗೆಗೆ ಕೊಟ್ಟಿದ್ದರು. ಮಾಳಿಗೆ ಸೋರುತ್ತಿತ್ತು. ಚಳಿಗಾಲದ ಮಳೆ ಹಿಡಿಯುವುದರೊಳಗೆ ರಿಪೇರಿಯಾಗದಿದ್ದರೆ ಮೇಷ್ಟ್ರು ಮಕ್ಕಳನ್ನು ಕಟ್ಟಿಕೊಂಡು ಬೇರೆ ಮನೆ ಹಿಡಿಯಬೇಕು. ಆಮೇಲೆ ಹಾಜ್ಜಾ ಮಾಡುವ ಮಾಂಸದನ್ನದ, ಅಂದರೆ ಮಖ್ಲೂಬೆಯ, ತಳ ಕೆರೆದು ತಿನ್ನುವವರು ಯಾರು? ರಿಪೇರಿಗೆ ಸಾಲ ಬೇಕು. ವಿಮೆಯಿಲ್ಲದ ಮನೆಗೆ ಬ್ಯಾಂಕು ಸಾಲ ಕೊಡದು.

ವಿಮೆಯವನೊಬ್ಬ ಬೇಸಿಗೆಯಲ್ಲಿ ಬಂದಿದ್ದ. "ಗೋಡೆ ಎಷ್ಟು ಗಟ್ಟಿ!" ಎಂದು, ಮಾಷಾಅಲ್ಲಾ ಅನ್ನದೆ ಹೊಗಳಿಬಿಟ್ಟ. ದೃಷ್ಟಿ ತಾಕೀತೆಂದು ಹಾಜ್ಜಾ ಎದೆ ಬಡಿದುಕೊಂಡು, "ಅಯ್ಯೋ ಎಂಥ ಗಟ್ಟಿ ಮಗಾ, ಹಾಳು ಕೊಂಪೆ, ಇವತ್ತೋ ನಾಳೆಯೋ ಬೀಳತ್ತೆ" ಎಂದರು. ಆತ ಅದನ್ನೇ ಬರೆದುಕೊಂಡು ಹೋದ. ಅರ್ಜಿ ಬಿದ್ದುಹೋಯಿತು, ಮನೆ ನಿಂತೇ ಇತ್ತು.

ಎರಡನೇ ಅರ್ಜಿ ಹಾಕಿದ ಮೇಲೆ ಒಂದು ಬೆಳಿಗ್ಗೆ ಫೋನು ಬಂತು. ಗಡಸು ದನಿ: "ವಿಮಾ ಕಚೇರಿಯಿಂದಮ್ಮ. ಮನೆ ಹೇಗಿದೆ?"

"ಏನಿದೆ ಸ್ವಾಮಿ, ನಾಲ್ಕು ಕಲ್ಲು..."

"ಹಾಗಾದ್ರೆ ನಾಲ್ಕು ಕಲ್ಲಿಗಷ್ಟೇ ವಿಮೆ ಮಾಡ್ತೀವಿ. ಯಾವ ನಾಲ್ಕು, ತೋರಿಸ್ತೀರಾ?"

ಅದೇ ದನಿ ಮೆಟ್ಟಿಲಿನಿಂದಲೂ ಕೇಳಿಸಿತು. ಮೊಬೈಲು ಹಿಡಿದು ಇಳಿದು ಬರುತ್ತಿದ್ದ ಲಬೀಬ್ ಮೇಷ್ಟ್ರತ್ತ ಹಾಜ್ಜಾ ಚಪ್ಪಲಿ ಎಸೆದರು.

"ತಾಲೀಮು ಹಾಜ್ಜಾ, ತಾಲೀಮು! ವಿಮೆಯವರ ಮುಂದೆ ನಿಜ ಹೇಳೋದು ಕಲೀರಿ!"

ಮಧ್ಯಾಹ್ನ ಮತ್ತೆ ಫೋನು. "ವಿಮಾ ಕಚೇರಿಯಿಂದಮ್ಮ. ಮನೆ ಹೇಗಿದೆ?"

ಹಾಜ್ಜಾ ತೋಳೇರಿಸಿದರು. "ಲೋ ಕತ್ತೆ, ಕೇಳಿಸ್ಕೋ! ಇಡೀ ಗುಡ್ಡದಲ್ಲಿ ಇಂಥ ಕಲ್ಲಿನ ಗೋಡೆ ಇನ್ನೊಂದಿಲ್ಲ. ಸೋರೋದು ಮಾಳಿಗೆಯ ಒಂದು ಮೂಲೆ ಮಾತ್ರ. ಬಾಡಿಗೆಯವನು ಮಂಗ, ಆದ್ರೆ ಬಾಡಿಗೆ ತಪ್ಪಿಸಿದವನಲ್ಲ."

"ಹೋದ ಸಲ ಬೀಳತ್ತೆ ಅಂದಿದ್ರಂತೆ?"

"ಅದು ಕೆಟ್ಟ ಕಣ್ಣಿಗೆ ಹೇಳಿದ್ದು, ನಿನಗಲ್ಲ! ಊಟ ಆಯ್ತೇನೋ, ಮಂಗ?"

ಅಷ್ಟರಲ್ಲಿ ಬೀದಿ ಬಾಗಿಲಿನಿಂದ ಲಬೀಬ್ ಮೇಷ್ಟ್ರು ಎರಡೂ ಕೈಯಲ್ಲಿ ರೊಟ್ಟಿ ಹೊತ್ತು ಒಳಬಂದರು. ಹಾಜ್ಜಾ ಅವರನ್ನು ನೋಡಿದರು, ಫೋನನ್ನು ನೋಡಿದರು.

"ಇನ್ನೂ ಇಲ್ಲಮ್ಮ," ಎಂದಿತು ಫೋನು, ನಗು ತಡೆಯುತ್ತ. "ನಮ್ಮಮ್ಮನೂ ಹೊಸ ಮನೇನ ಕೊಂಪೆ ಅಂತಾಳೆ. ನಾಳೆ ನಾನೇ ಬರ್ತೀನಿ. ಗೋಡೆ ನೀವು ಹೇಳಿದ ಹಾಗೇ ಇದ್ರೆ ವಿಮೆ ಆದಂಗೆ. ಮಾಷಾಅಲ್ಲಾ ಅಂತ್ಲೇ ಒಳಗೆ ಕಾಲಿಡ್ತೀನಿ."

"ಮಖ್ಲೂಬೆ ಮಾಡಿಟ್ಟಿರ್ತೀನಿ, ಕತ್... ಸಾಹೇಬ್ರೇ!"

ಮೇಷ್ಟ್ರು ನಕ್ಕರು, ಫೋನು ನಕ್ಕಿತು. ಹಾಜ್ಜಾರ ನಗು ಮಾತ್ರ ಮೂರು ಮನೆ ಆಚೆಗೂ ಕೇಳಿಸಿತು.