ಉಪ್ಪಿಗಿಂತ ರುಚಿಯಿಲ್ಲ

ನನ್ನ ಕಿಡ್ನಿ ತಮ್ಮನಿಗೆ ಹೊಂದುತ್ತದೆ ಎಂದು ಡಾಕ್ಟರು ಹೇಳಿದ ದಿನ ಅಮ್ಮ ನನಗೆ ಊಟಕ್ಕೆ ಕುರ್ಚಿ ಎಳೆದುಕೊಟ್ಟಳು. ಅಲ್ಲಿಯವರೆಗೆ ಆ ಕುರ್ಚಿಯ ಮೇಲೆ ಇಸ್ತ್ರಿ ಮಾಡಬೇಕಾದ ಬಟ್ಟೆಯ ರಾಶಿ ಇರುತ್ತಿತ್ತು. ಅಮ್ಮ, ತಮ್ಮ, ತಮ್ಮನ ಹೆಂಡತಿ ಮೇಜಿನ ಮುಂದೆ ಕೂತು ಉಂಡೆದ್ದ ಮೇಲೆ ನಾನು ಅಡುಗೆಮನೆಯ ಕಟ್ಟೆಗೆ ಒರಗಿ, ನಿಂತೇ ತಿನ್ನುತ್ತಿದ್ದೆ. ಹೇಗೂ ಪಾತ್ರೆ ತೊಳೆಯುವವಳು ನಾನೇ, ತಳದಲ್ಲಿ ಉಳಿದದ್ದನ್ನು ನಾನೇ ಬಳಿದು ತಿಂದರೆ ತೊಳೆಯುವುದೂ ಸುಲಭ ಎಂಬುದು ಅಮ್ಮನ ನ್ಯಾಯ.

ನಾನು ರೆಡಿಮೇಡ್ ಬಟ್ಟೆ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುವವಳು. ಗಿಡ್ಡವರಿಗೆ ಪ್ಯಾಂಟಿನ ಕಾಲು ಮಡಚಿ ಹೊಲಿಯುತ್ತೇನೆ, ಹೊಟ್ಟೆ ಬಂದವರಿಗೆ ಸೊಂಟ ಬಿಚ್ಚಿ ಕೊಡುತ್ತೇನೆ. ಮದುವೆ ಆಗಲಿಲ್ಲ. ಯಾಕೆ ಎಂದು ಕೇಳಿದವರಿಗೆಲ್ಲ ಅಮ್ಮ ನನ್ನ ನಾಲಿಗೆಯ ಕಥೆ ಹೇಳುತ್ತಾಳೆ. ನಾಲಿಗೆ ಉದ್ದವೇ, ಇಲ್ಲ ಎನ್ನುವುದಿಲ್ಲ. ಆದರೆ ಅನ್ನದ ವಿಷಯಕ್ಕೆ ಮಾತ್ರ ಅದು ಯಾವತ್ತೂ ಹೊರಗೆ ಬಂದಿರಲಿಲ್ಲ.

ತಮ್ಮ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಿದ್ದ. ಎರಡೂ ಕಿಡ್ನಿ ಕೈಕೊಟ್ಟ ಮೇಲೆ ದಿನ ಬಿಟ್ಟು ದಿನ ಡಯಾಲಿಸಿಸ್ ಮಾಡಿಸಿಕೊಂಡು, ಹಿಂಡಿದ ಬಟ್ಟೆಯಂತೆ ಮನೆಗೆ ಬಂದು ಬೀಳುತ್ತಿದ್ದ. ಅಮ್ಮನಿಗೆ ಸಕ್ಕರೆ ಕಾಯಿಲೆ, ಅವಳದು ಆಗುವುದಿಲ್ಲ. ಹೆಂಡತಿಯದು ಹೊಂದಲಿಲ್ಲ. ಉಳಿದವಳು ನಾನು. ಪಾಪ, ಅವನು ಬಾಯಿಬಿಟ್ಟು ಕೇಳಲಿಲ್ಲ. ಸೊಂಟದ ಮೇಲೆ ಹೊತ್ತು ಬೆಳೆಸಿದ ಮಗು ಅದು. ನಾನೇ ಕೊಡುತ್ತೇನೆ ಎಂದೆ.

"ನಿಮ್ಮ ಬಿಪಿ ಅಂಚಿನಲ್ಲಿದೆ," ಎಂದರು ಡಾಕ್ಟರು. ಕೂದಲು ನರೆತ, ಸುತ್ತುಬಳಸದೆ ಮಾತಾಡುವ ಹೆಂಗಸು. "ಆಪರೇಷನ್‌ಗೆ ಮುಂಚೆ ಊಟ ಬಿಗಿ ಮಾಡ್ಬೇಕು. ಉಪ್ಪು ಹೆಸರಿಗಷ್ಟೇ. ಮಾಂಸ, ಮೊಟ್ಟೆ ಮಿತಿಯಲ್ಲಿ. ನೀರು ಚೆನ್ನಾಗಿ ಕುಡೀರಿ. ಸ್ವಲ್ಪ ತೂಕ ಇಳೀಲಿ. ಕಿಡ್ನಿಗೆ ಹೊರೆ ಆಗ್ಬಾರ್ದು."

ನನ್ನ ಪಕ್ಕದಲ್ಲಿ ಕೂತಿದ್ದ ಅಮ್ಮ ಮೈಯೆಲ್ಲ ಕಿವಿಯಾಗಿ ಕೇಳಿಸಿಕೊಂಡಳು.

ಆಮೇಲಿನ ದಿನಗಳನ್ನು ನೆನೆದರೆ ಈಗ ನಗು ಬರುತ್ತದೆ, ಒಳ್ಳೆಯ ನಗುವಲ್ಲ. ಅಮ್ಮ ಉಪ್ಪಿನ ಡಬ್ಬಿಯನ್ನು ಒಯ್ದು ತನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದಳು. ತಮ್ಮನಿಗೆ ಉಪ್ಪಿಲ್ಲದ ಅಡುಗೆ ಬೇರೆ ಪಾತ್ರೆಯಲ್ಲಿ ಆಗುತ್ತಿತ್ತಲ್ಲ, ಅದನ್ನು ದೊಡ್ಡದು ಮಾಡಿ ಅವನಿಗೂ ನನಗೂ ಒಟ್ಟಿಗೆ ಬಡಿಸತೊಡಗಿದಳು. ಮೊದಲು ನಮಗೆ, ಆಮೇಲೆ ಉಳಿದವರಿಗೆ. ನಾನು ಕೆಲಸಕ್ಕೆ ಹೊರಟರೆ ನೀರಿನ ಬಾಟಲಿ ಹಿಡಿದು ಬಾಗಿಲವರೆಗೆ ಬರುತ್ತಿದ್ದಳು. ಸೌತೆಕಾಯಿಯ ಸಿಪ್ಪೆ ತೆಗೆದು, ತುದಿಯನ್ನು ತಾನು ಕಚ್ಚಿ ಕಹಿ ನೋಡಿ, ಆಮೇಲೆ ನನಗೆ ಹೆಚ್ಚಿಕೊಡುತ್ತಿದ್ದಳು.

"ತಿನ್ನು ಮಗಳೇ. ಎಷ್ಟು ಸೊರಗಿದೀಯ!"

ನಾನು ಸೊರಗಿ ವರ್ಷಗಳಾಗಿದ್ದವು. ಅದು ಅವಳ ಕಣ್ಣಿಗೆ ಬಿದ್ದದ್ದು ಆಗ.

"ಅಕ್ಕ, ಅಮ್ಮ ನಿನ್ನನ್ನ ಬಾಣಂತಿ ಥರ ನೋಡ್ಕೋತಿದಾಳೆ," ಎಂದು ತಮ್ಮ ಎದುರು ಕೂತು ನಗುತ್ತಿದ್ದ. ಸಪ್ಪೆ ಅನ್ನ, ಸಪ್ಪೆ ತರಕಾರಿ. ಇಬ್ಬರೂ ಮುಖ ಕಿವುಚಿಕೊಂಡು ನುಂಗುತ್ತಿದ್ದೆವು. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎನ್ನುತ್ತಾರೆ. ನನಗೆ ಉಪ್ಪು ಹೋದ ಮೇಲೆ ತಾಯಿ ಸಿಕ್ಕಿದಳು. ತಲೆಗೂದಲು ಬೆಳ್ಳಗಾಗುವ ವಯಸ್ಸಿನಲ್ಲಿ, ಯಾರಾದರೂ ಬಿಸಿ ಅನ್ನ ಬಡಿಸಿದರೆ ಕರಗಿಹೋಗುವಷ್ಟು ದಡ್ಡಿ ನಾನು. ಕರಗಿದೆ. ಸುಳ್ಳು ಹೇಳಲಾರೆ, ಅಷ್ಟು ಸಂತೋಷ ನನಗೆ ಹಿಂದೆಂದೂ ಆಗಿರಲಿಲ್ಲ.

ಊಟದ ವಿಷಯ ನೋಡಿಕೊಳ್ಳುವ ಡಯಟೀಷಿಯನ್ ಹುಡುಗಿ ಇನ್ನೊಮ್ಮೆ ಕರೆದಳು. ಅಮ್ಮನೂ ಬಂದಳು. ಹುಡುಗಿ ನನ್ನ ತೂಕ ನೋಡಿ ಭೇಷ್ ಎಂದಳು. ಅಮ್ಮನ ಮುಖ ಊರಗಲ.

"ನಾನೇ ಕಾವಲು ಕೂತು ತಿನ್ನಿಸ್ತೀನಮ್ಮ. ನನ್ನ ಮಗನಿಗೆ ಹೋಗೋ ಕಿಡ್ನಿ ಅಲ್ವಾ, ಸ್ವಚ್ಛವಾಗಿರ್ಬೇಕು."

ಹುಡುಗಿ ನಕ್ಕಳು. "ಅದಕ್ಕಲ್ಲ ಅಮ್ಮಾ. ಅದೇನೋ ಅವರಿಗೆ ಹೋಗುತ್ತೆ. ಇವರ ಹತ್ರ ಉಳಿಯೋದು ಒಂದೇ ಅಲ್ವಾ? ಎರಡರ ಕೆಲಸಾನೂ ಅದೊಂದೇ ಹೊತ್ಕೋಬೇಕು. ಈ ಪಥ್ಯ ಎಲ್ಲ ಉಳಿಯೋ ಕಿಡ್ನಿಗೋಸ್ಕರ, ನಿಮ್ಮ ಮಗಳಿಗೋಸ್ಕರ."

"ಹೌದಾ?" ಎಂದಳು ಅಮ್ಮ. "ಹಾಗಾದ್ರೆ ಕೊಡೋದಕ್ಕೆ ಏನೂ ತೊಂದ್ರೆ ಇಲ್ಲ ತಾನೇ?"

"ಈಗಂತೂ ಚೆನ್ನಾಗಿದೆ."

ಅಮ್ಮ ನಿಟ್ಟುಸಿರು ಬಿಟ್ಟಳು. ಹೊತ್ತ ಭಾರ ಇಳಿಸಿದವರು ಬಿಡುವ ಉಸಿರು ಅದು.

ಆ ವಾರ ಕಳೆಯುವುದರೊಳಗೆ ಉಪ್ಪಿನ ಡಬ್ಬಿ ಒಲೆಯ ಪಕ್ಕಕ್ಕೆ ವಾಪಸು ಬಂತು. ನಾನು ಅಂಗಡಿಯಿಂದ ಬರುವಷ್ಟರಲ್ಲಿ ತಮ್ಮ ಉಂಡು ಮಲಗಿರುತ್ತಿದ್ದ. ಅಮ್ಮ ನನ್ನ ತಟ್ಟೆಗೆ ಎಲ್ಲರಿಗೂ ಮಾಡಿದ್ದನ್ನೇ ಹಾಕಿದಳು, ಪಕ್ಕಕ್ಕೆ ಉಪ್ಪಿನಕಾಯಿ. ಉಪ್ಪಿಲ್ಲದ ಪಾತ್ರೆ ಒಲೆಯ ಮೇಲೆ ಮುಚ್ಚಿಯೇ ಇತ್ತು. ನಾನು ಮುಚ್ಚಳ ತೆಗೆಯಲು ಹೋದೆ.

"ಅದನ್ನ ಮುಟ್ಬೇಡ. ಅವನಿಗೆ ಬೆಳಿಗ್ಗೆಗೆ ಬೇಕು."

"ನನಗೂ ಅದೇ ಅಲ್ವೇನಮ್ಮ?"

"ಇಷ್ಟು ದಿನ ಮಾಡಿದ್ಯಲ್ಲ, ಸಾಕು. ಎರಡೆರಡು ಥರ ಬೇಯಿಸಿ ನನ್ನ ಸೊಂಟ ಬಿದ್ದುಹೋಯ್ತು. ತಿನ್ನು, ಒಂದು ಚಿಟಿಕೆ ಉಪ್ಪಿಗೆ ಯಾರೂ ಸಾಯಲ್ಲ."

ನಾನೇ ಒಂದು ಹಿಡಿ ಅಕ್ಕಿ ಬೇರೆ ಬೇಯಿಸಿಕೊಳ್ಳಬಹುದಿತ್ತು. ಬೇಯಿಸಿಕೊಳ್ಳಲಿಲ್ಲ. ಹಟ ಬಂತು. ಉಪ್ಪಿನಕಾಯಿಯ ಹೋಳನ್ನು ಅಮ್ಮನಿಗೆ ಕಾಣುವಂತೆ ಎತ್ತಿ ಬಾಯಿಗಿಟ್ಟುಕೊಂಡೆ. ಬೇಡ ಕಣೇ ಎಂದು ಇವತ್ತು ಅಂದಾಳು, ನಾಳೆ ಅಂದಾಳು, ತಟ್ಟೆ ಎಳೆದುಕೊಂಡಾಳು ಎಂದು ಪ್ರತಿ ಊಟಕ್ಕೂ ಕಾದೆ. ಅವಳು ಟಿವಿ ನೋಡುತ್ತಾ, "ಇನ್ನೊಂದು ಹೋಳು ಬೇಕಾ?" ಎಂದಳು. ನಾನು ಹಾಕಿಸಿಕೊಂಡೆ. ಹುಚ್ಚು ಪರೀಕ್ಷೆ, ನಪಾಸಾಗುವವಳು ನಾನೇ ಎಂದು ಗೊತ್ತಿದ್ದೂ ಬರೆದೆ.

ಆಪರೇಷನ್ ಹತ್ತಿರ ಬಂದಾಗ ಕೊನೆಯ ತಪಾಸಣೆ ಆಯಿತು. ಬಿಪಿ ಅಂಚು ದಾಟಿತ್ತು, ಮೂತ್ರದಲ್ಲಿ ಪ್ರೋಟೀನ್ ಕಾಣಿಸಿಕೊಂಡಿತ್ತು. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಈ ಸ್ಥಿತೀಲಿ ನಾನು ಚಾಕು ಮುಟ್ಟಲ್ಲ. ಮುಂದಕ್ಕೆ ಹಾಕ್ತೀನಿ."

ಅಮ್ಮ ಎದ್ದು ನಿಂತಳು. ಕಾರಿಡಾರಿನಲ್ಲಿ ಹೋಗುತ್ತಿದ್ದವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ನನ್ನ ಮೇಲೆ ಹರಿಹಾಯ್ದಳು. "ಬಾಯಿ ಚಪಲ ತಡ್ಕೊಳ್ಳೋಕಾಗ್ಲಿಲ್ವೇನೇ ನಿನಗೆ? ಹೆತ್ತ ಮಗ ಇಲ್ಲಿ ಸಾಯ್ತಿದಾನೆ, ಇವಳಿಗೆ ಉಪ್ಪಿನಕಾಯಿ ಬೇಕಂತೆ! ಉಂಡ ಮನೆಗೇ ಎರಡು ಬಗೆದ್ಯಲ್ಲೇ!"

ನಮ್ಮ ಜೊತೆ ಬಂದು ಗಾಲಿಕುರ್ಚಿಯಲ್ಲಿ ಕೂತಿದ್ದ ತಮ್ಮ ನನ್ನನ್ನೊಮ್ಮೆ, ಅಮ್ಮನನ್ನೊಮ್ಮೆ ನೋಡಿದ. "ಅಮ್ಮಾ, ಬಡಿಸಿದ್ದು ನೀನೇ ಅಲ್ವಾ?"

"ನಾನು ಬಡಿಸಿದ್ನೆಲ್ಲ ತಿಂತಾರಾ?" ಎಂದಳು ಅಮ್ಮ.



ಡಾಕ್ಟರು ಅವರಿಬ್ಬರನ್ನೂ ಕಳಿಸಿ ಬಾಗಿಲು ಮುಚ್ಚಿದರು. "ನಿಮಗೆ ನಿಜವಾಗ್ಲೂ ಕೊಡೋ ಮನಸ್ಸಿದ್ಯಾ? ಇಲ್ದಿದ್ರೆ ಹೇಳಿ. ನಿಮ್ಮ ಕಿಡ್ನಿ ಆಗಲ್ಲ ಅಂತ ಮನೆಯವರಿಗೆ ನಾನೇ ಹೇಳ್ತೀನಿ. ಕಾರಣ ನಮ್ಮಿಬ್ಬರಲ್ಲೇ ಇರುತ್ತೆ."

"ಮನಸ್ಸಿದೆ," ಎಂದೆ. ಇತ್ತು. ಬಡಿಸಿದ್ದು ನೀನೇ ಅಲ್ವಾ ಎಂದನಲ್ಲ, ಆ ಒಂದು ಮಾತಿಗೆ ಎರಡನ್ನೂ ಕೊಟ್ಟುಬಿಡುತ್ತಿದ್ದೆ.

ಮನೆಗೆ ಬಂದೆವು. ಅಮ್ಮನ ಕೋಪ ಆರಿತ್ತು. ಉಪ್ಪಿನ ಡಬ್ಬಿ ಮತ್ತೆ ಬೀರು ಸೇರಿತು. ಸಪ್ಪೆ ಅನ್ನ ಬಿಸಿಬಿಸಿಯಾಗಿ ನನ್ನ ಮುಂದೆ ಬಂತು. ಅಮ್ಮ ಪಕ್ಕದಲ್ಲಿ ಕೂತು ನನ್ನ ಬೆನ್ನು ಸವರಿದಳು. ಆ ಕೈ ಮೆತ್ತಗಿತ್ತು. ಅದು ಸುಳ್ಳು ಕೈ ಎಂದು ಈಗಲೂ ನನಗೆ ಅನ್ನಿಸುವುದಿಲ್ಲ.

"ತಿನ್ನು ಮಗಳೇ. ಬೇಗ ಸರಿಹೋಗ್ಲಿ."

"ಅಮ್ಮಾ, ಆಪರೇಷನ್ ಆದ್ಮೇಲೂ ನನಗೆ ಉಪ್ಪು ಕಡಿಮೇನೇ ಇರ್ಬೇಕಂತೆ. ಆಗ್ಲೂ ಹೀಗೇ ಮಾಡಿ ಹಾಕ್ತೀಯಾ?"

ಅಮ್ಮ ಅರ್ಥವಾಗದವಳಂತೆ ನನ್ನ ಮುಖ ನೋಡಿದಳು. ನಾಟಕವಲ್ಲ, ಅವಳಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ.

"ಆದ್ಮೇಲೆ ಯಾಕೆ?" ಎಂದಳು.

ತಟ್ಟೆಯಲ್ಲಿದ್ದುದನ್ನು ಪೂರ್ತಿ ತಿಂದೆ. ಪಾತ್ರೆ ತೊಳೆದಿಟ್ಟೆ. ತಮ್ಮನ ಕೋಣೆಯ ಬಾಗಿಲಲ್ಲಿ ನಿಂತು ಅವನು ನಿದ್ದೆ ಮಾಡುವುದನ್ನು ನೋಡಿದೆ. ಊದಿದ ಕಾಲು, ತೆರೆದ ಬಾಯಿ. ಒಳಗೆ ಹೋಗಿ ಹೊದಿಕೆ ಸರಿಮಾಡಿ ಬಂದೆ.

ಮರುದಿನ ಅಂಗಡಿಯಲ್ಲಿ ಯಂತ್ರ ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡಿದೆ. ನನ್ನದು ಆಗುವುದಿಲ್ಲ ಎಂದು ಮನೆಗೆ ಹೇಳಿಬಿಡಿ ಎಂದೆ.

"ಯೋಚಿಸಿ ಹೇಳ್ತಿದೀರಾ? ನಿಮ್ಮ ತಮ್ಮನಿಗೆ ಬೇರೆ ಯಾರಿದಾರೆ?"

"ಅವನಿಗೆ ಅಮ್ಮ ಇದಾಳೆ," ಎಂದೆ. "ನನಗೆ ನಾನೊಬ್ಬಳೇ."