ತೈಲವರ್ಣದಲ್ಲಿ ನಮ್ಮಣ್ಣ

ಫೋಟೋವನ್ನು ಪೇಂಟಿಂಗ್ ಮಾಡಿಕೊಡಿ ಎಂದು ಬರುವವರಿಗೆಲ್ಲ ಬೇಕಾಗಿರುವುದು ಒಂದೇ: ಬ್ರಶ್ಶಿನ ಗೆರೆ ಕಾಣಬೇಕು, ಮುಖದ ಗೆರೆ ಕಾಣಬಾರದು. ನನ್ನ ಸ್ಟುಡಿಯೋದಲ್ಲಿ ಈಗ ಪಾಸ್‌ಪೋರ್ಟ್ ಫೋಟೋಗಿಂತ ಈ ಕೆಲಸವೇ ಜಾಸ್ತಿ. ಕಂಪ್ಯೂಟರಿನಲ್ಲಿ ಫೋಟೋ ತೆರೆದು, ತೈಲವರ್ಣವೋ ಜಲವರ್ಣವೋ ಆರಿಸಿ, ಒಂದು ಗುಂಡಿ ಒತ್ತಿದರೆ ಮುಗಿಯಿತು ಎಂದು ಜನ ತಿಳಿದಿದ್ದಾರೆ. ಎಲ್ಲಿ ಮುಗಿಯುತ್ತದೆ? ಗಿರಾಕಿ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತ ಮೇಲೆಯೇ ಶುರುವಾಗುವುದು. "ಮೂಗು ಸ್ವಲ್ಪ ಚಿಕ್ಕದು ಮಾಡಿ." "ನಮ್ಮ ಯಜಮಾನರನ್ನ ಸ್ವಲ್ಪ ಉದ್ದ ಮಾಡಿ." ಮೊನ್ನೆ ಒಬ್ಬರು ನಾಯಿಯ ಫೋಟೋ ತಂದು, ಅದು ನಗುತ್ತಾ ಇರಬೇಕು ಅಂದರು. ನಗಿಸಿದೆ. ಹೊಟ್ಟೆಪಾಡು.

ಇಂಥವರನ್ನೆಲ್ಲ ಸಂಭಾಳಿಸಿದ ನನಗೆ ನಮ್ಮಮ್ಮನನ್ನು ಸಂಭಾಳಿಸಲು ಆಗಲಿಲ್ಲ.

ನಮ್ಮಣ್ಣ ಲಿಫ್ಟ್ ಮೆಕ್ಯಾನಿಕ್. ಊರಿನ ಅರ್ಧ ಜನ ಅವನ ದೆಸೆಯಿಂದ ಮೇಲೆ ಕೆಳಗೆ ಓಡಾಡುತ್ತಾರೆ. ಅವನ ಮದುವೆಯ ಮಾತು ಮಾತ್ರ ನೆಲಮಹಡಿ ಬಿಟ್ಟು ಏಳಲಿಲ್ಲ. ಯಂತ್ರದ ಜೊತೆ ಗಂಟೆಗಟ್ಟಲೆ ಮಾತಾಡುವವನಿಗೆ ಗುರುತಿಲ್ಲದವರ ಮುಂದೆ ಬಾಯಿ ಅಂಟಿಕೊಳ್ಳುತ್ತದೆ. ಹೀಗೇ ನಲವತ್ತು ದಾಟಿತು, ನೆತ್ತಿ ಬರಿದಾಯಿತು. ಕಳೆದ ತಿಂಗಳು ನನ್ನ ಗಿರಾಕಿಯೊಬ್ಬರು ತಮ್ಮ ಅಕ್ಕನ ಮಗಳ ವಿಷಯ ಎತ್ತಿದರು. ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ, ಅವಳಿಗೂ ವಯಸ್ಸು ಮೀರಿದೆ, ಒಳ್ಳೆಯ ಹುಡುಗಿ. ಅಣ್ಣ ಹೇಳಿದ:

"ಆಯ್ತು. ಆದ್ರೆ ಇದೇ ಕೊನೆ. ಇದೂ ಆಗದಿದ್ರೆ ಇನ್ನು ನನ್ನ ತಂಟೆಗೆ ಬರಬಾರ್ದು, ನೀನೂ ಅಷ್ಟೆ, ಅಮ್ಮನೂ ಅಷ್ಟೆ. ಇನ್ನೊಂದು, ನಾನು ಹೇಗಿದೀನೋ ಹಾಗೇ ಫೋಟೋ ಹೋಗ್ಬೇಕು. ಅವರು ಬಂದು ನನ್ನ ಮುಖ ನೋಡಿ ಪೆಚ್ಚಾಗೋದನ್ನ ನೋಡೋಕೆ ನನ್ನ ಕೈಲಾಗಲ್ಲ."

ಹಾಗೇ ಕಳಿಸುತ್ತೇನೆ ಎಂದು ಮಾತು ಕೊಟ್ಟೆ. ಲಿಫ್ಟಿನ ಬಾಗಿಲಿಗೆ ಕೈ ಇಟ್ಟು ನಿಂತ ಅವನ ಫೋಟೋ ಇತ್ತು. ಚೆನ್ನಾಗಿಯೇ ಇತ್ತು. ಅಷ್ಟರಲ್ಲಿ ಅಮ್ಮ ಸ್ಟುಡಿಯೋಗೆ ಬಂದು, ಗಿರಾಕಿಗಳ ಕುರ್ಚಿ ಎಳೆದುಕೊಂಡಳು.

"ಊರವರಿಗೆಲ್ಲ ಬಣ್ಣ ಹಚ್ತೀಯ, ಸ್ವಂತ ಅಣ್ಣನಿಗೆ ಹಚ್ಚೋಕೆ ನಿನಗೇನು ರೋಗ?"

"ಅವನು ಬೇಡ ಅಂದಿದಾನಮ್ಮ."

"ಅವನು ಊಟಾನೂ ಬೇಡ ಅಂತಾನೆ, ಬಡಿಸಿದ್ರೆ ತಿಂತಾನೆ. ಹಚ್ಚೇ. ನಾನು ನೋಡಿ ಸಂತೋಷ ಪಡೋಕೆ ಕಣೇ, ಕಳಿಸೋಕಲ್ಲ."

ಹಚ್ಚಿದೆ. ಬ್ರಶ್ ದಪ್ಪ ಮಾಡಿದಾಗ ಸುಕ್ಕು ಮಾಯವಾಯಿತು. "ಕೆನ್ನೆ ತುಂಬಿಸು" ಅಂದಳು, ತುಂಬಿಸಿದೆ. "ನೆತ್ತಿ ಮೇಲೆ ಸ್ವಲ್ಪ ನೆರಳು ಬಿಡು, ಕೂದಲು ಅಂತ ನಾನೆಲ್ಲಿ ಹೇಳ್ದೆ, ನೆರಳು." ಬಿಟ್ಟೆ. ಅಮ್ಮನ 'ಸ್ವಲ್ಪ' ಎಂಬುದಕ್ಕೆ ತಳವಿಲ್ಲ. ಸಂಜೆಯಾಗುವಷ್ಟರಲ್ಲಿ ಪರದೆಯ ಮೇಲೆ ಯಾರೋ ಜಮೀನ್ದಾರ ನಿಂತಿದ್ದ.

ಒಂದೇ ತೊಂದರೆ ಕೈಯದು. ಈ ತೈಲವರ್ಣ ಮುಖವನ್ನು ಚೆಂದ ಮಾಡುತ್ತದೆ, ಬೆರಳುಗಳನ್ನು ಮಾತ್ರ ಬಾಳೆಹಣ್ಣಿನ ಚಿಪ್ಪು ಮಾಡಿಬಿಡುತ್ತದೆ. ಅದಕ್ಕೇ ನಾನು ಯಾವಾಗಲೂ ಕೈಯಿರುವ ಜಾಗದಲ್ಲಿ ಬಣ್ಣ ಅಳಿಸಿ, ಕೆಳಗಿನ ಫೋಟೋದ ಕೈಯನ್ನೇ ಕಾಣುವಂತೆ ಬಿಡುತ್ತೇನೆ. ಇಲ್ಲಿಯೂ ಬಿಟ್ಟೆ. ಬಾಗಿಲ ಸಂದಿಗೆ ಸಿಕ್ಕಿ ಸೊಟ್ಟಗಾದ ಕಿರುಬೆರಳು, ಹೆಬ್ಬೆರಳಿನ ಕಪ್ಪು ಉಗುರು, ಗೀರುಗಳು, ಎಲ್ಲ ಇದ್ದ ಹಾಗೇ ಉಳಿದವು. ಅಮ್ಮ ಅಲ್ಲಿಗೂ ಕೈ ಹಾಕುತ್ತಿದ್ದಳು, ಆದರೆ ಕನ್ನಡಕ ಮನೆಯಲ್ಲಿ ಬಿಟ್ಟು ಬಂದಿದ್ದಳು.

ಎರಡನ್ನೂ ಅವಳ ಮೊಬೈಲಿಗೆ ಹಾಕಿ, "ಪೇಂಟಿಂಗ್ ನಿನಗೆ, ಫೋಟೋ ಹುಡುಗಿಯವರಿಗೆ" ಎಂದು ಹೇಳಿ ಮನೆಗೆ ಕಳಿಸಿದೆ. ರಾತ್ರಿ ಕೇಳಿದಾಗ "ಕಳಿಸಿದೀನಿ ಕಣೇ" ಅಂದಳು. ಏನನ್ನು ಎಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ.

ಭಾನುವಾರ ಬಸ್ ನಿಲ್ದಾಣದ ಎದುರಿನ ಕಾಫಿ ಅಂಗಡಿಯಲ್ಲಿ ಭೇಟಿ. ಬಾಯಿ ಅಂಟಿಕೊಂಡರೆ ಬಿಡಿಸಲು ನಾನು ಜೊತೆಗೆ. ಅಣ್ಣ ಇಸ್ತ್ರಿ ಮಾಡಿದ ಶರ್ಟಿನಲ್ಲಿ ಪಾರ್ಸೆಲ್ಲಿನ ಹಾಗೆ ಕೂತಿದ್ದ. ಮೇಜು ಕುಂಟುತ್ತಿತ್ತು. ಅದು ಕುಂಟಿದಾಗಲೆಲ್ಲ ಅವನು ಮುಖ ಹಿಂಡುತ್ತಿದ್ದ.

ಲ್ಯಾಬಿನವರು ಒಬ್ಬರೇ ಬಂದರು. ಅವರ ಫೋಟೋ ನಮಗೆ ಬಂದಿತ್ತು; ಬಿಳಿ ಕೋಟು ಹಾಕಿಕೊಂಡ, ಯಾವ ಬಣ್ಣವೂ ಇಲ್ಲದ ಫೋಟೋ. ಅದೇ ಮುಖ ಬಾಗಿಲಲ್ಲಿ ನಿಂತು ಮೊಬೈಲ್ ನೋಡಿತು, ಅಂಗಡಿಯೆಲ್ಲ ನೋಡಿತು, ನಮ್ಮನ್ನು ದಾಟಿಕೊಂಡು ಸೀದಾ ಮೂಲೆಯ ಮೇಜಿಗೆ ಹೋಯಿತು. ಅಲ್ಲೊಬ್ಬ ದುಂಡು ಕೆನ್ನೆಯ, ತಲೆ ತುಂಬ ಕೂದಲಿನ ಗಂಡಸು ಪೇಪರ್ ಓದುತ್ತಿದ್ದ.

"ಅವರ್ಯಾಕೆ ಅಲ್ಲಿಗೆ ಹೋದ್ರು?" ಅಂದ ಅಣ್ಣ.

ಅಮ್ಮನಿಗೆ ಫೋನ್ ಮಾಡಿದೆ.

"ಯಾವುದಮ್ಮ ಕಳಿಸಿದ್ದು? ಫೋಟೋ ತಾನೇ?"

"ಅಷ್ಟು ಚೆನ್ನಾಗಿರೋದು ಇಟ್ಕೊಂಡು ಅದನ್ಯಾಕೆ ಕಳಿಸ್ಲಿ? ಸಂಜೆವರೆಗೂ ಕೂತು ಮಾಡ್ಸಿದೀನಿ!"

ಅಣ್ಣ ನನ್ನ ಕೈಯಿಂದ ಮೊಬೈಲ್ ಕಿತ್ತುಕೊಂಡು, ನಾನು ಅಮ್ಮನಿಗೆ ಕಳಿಸಿದ್ದ ಪೇಂಟಿಂಗ್ ತೆರೆದ. ನೋಡಿದ.

"ಯಾರಿದು?"

"ನೀನೇ."

"ನಾನು ಕೇಳಿದ್ದು ಒಂದೇ ಒಂದು ಮಾತು." ಜೋರು ಮಾಡಲಿಲ್ಲ. ಜೋರು ಮಾಡಿದ್ದರೆ ವಾಸಿಯಿತ್ತು. "ನಡಿ, ಹೋಗೋಣ. ಅವರು ಈ ಕಡೆ ತಿರುಗೋ ಮುಂಚೆ."

"ಹೋಗಿ ಮಾತಾಡ್ಸು, ಮಹರಾಯ. ತಪ್ಪು ನನ್ನದು, ಅಮ್ಮನದು ಅನ್ನು."

"ಈ ಮುಖ ನೋಡಿ ಬಂದವರಿಗೆ ನನ್ನ ಮುಖ ತೋರಿಸ್ಲಾ?"

ಅಷ್ಟರಲ್ಲಿ ಅವರು ಮೂಲೆಯ ಮೇಜು ಬಿಟ್ಟು ನಮ್ಮತ್ತಲೇ ಬರತೊಡಗಿದರು. ನಮ್ಮಣ್ಣ, ಹತ್ತನೇ ಮಹಡಿಯ ಮೇಲೆ ತಂತಿಗೆ ಜೋತು ಕೆಲಸ ಮಾಡುವ ನಮ್ಮಣ್ಣ, "ಈ ಕಾಲೊಂದು ಸರಿ ಮಾಡ್ಬೇಕು" ಎಂದು ಗೊಣಗಿ ಮೇಜಿನ ಕೆಳಗೆ ತೂರಿಕೊಂಡ. ಮೇಲುಗಡೆ ಉಳಿದದ್ದು ಅಂಚು ಹಿಡಿದಿದ್ದ ಒಂದು ಕೈ ಮಾತ್ರ.

ಅವರು ನಿಂತರು. ಬಗ್ಗಿ, ಮೊಬೈಲನ್ನು ಆ ಕೈಯ ಪಕ್ಕಕ್ಕೆ ಹಿಡಿದು, ಅದನ್ನೊಮ್ಮೆ ಇದನ್ನೊಮ್ಮೆ ನೋಡಿದರು.

"ಕೈ ಇದೇ" ಅಂದರು. "ಅಲ್ಲಿದ್ದವರ ಉಗುರು ನೋಡಿದೆ. ಅಷ್ಟು ನುಣ್ಣಗಿರೋ ಕೈಲಿ ಲಿಫ್ಟ್ ರಿಪೇರಿ ಆಗಲ್ಲ." ಆಮೇಲೆ ಮೇಜಿನ ಕೆಳಕ್ಕೆ, "ನೀವು ಮೇಲೆ ಬರ್ತೀರಾ, ನಾನೇ ಕೆಳಗೆ ಬರ್ಲಾ?"

ಅಣ್ಣ ಬಂದ. ಮೊದಲು ಬಂದದ್ದು ನೆತ್ತಿ.

"ಮುಖ ನನ್ನದಲ್ಲ" ಅಂದ. ಗುರುತಿಲ್ಲದವರ ಮುಂದೆ ಅವನಾಗಿಯೇ ಬಾಯಿ ಬಿಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು. "ಅದು ನಮ್ಮಮ್ಮ, ನನ್ನ ತಂಗಿ ಸೇರಿ ಮಾಡಿದ್ದು. ನನಗೆ ಗೊತ್ತಿರ್ಲಿಲ್ಲ. ನೀವು ಹೋಗೋದಾದ್ರೆ ನಾನು ತಪ್ಪು ತಿಳ್ಕೊಳಲ್ಲ."

"ಮುಖ ನೋಡಿ ಬೇಡ ಅಂತಲೇ ಇದ್ದೆ. ಕ್ಯಾಲೆಂಡರಿಂದ ಕತ್ತರಿಸಿದ ಹಾಗಿತ್ತು" ಎಂದು ಅವರು ಕುರ್ಚಿ ಎಳೆದುಕೊಂಡರು. "ನಾನು ದಿನವೆಲ್ಲ ನೋಡೋದು ಕೈಗಳನ್ನೇ. ಸೂಜಿ ಚುಚ್ಚೋವಾಗ ಮುಖ ನೋಡಿದ್ರೆ ಜನ ಹೆದರ್ಕೋತಾರೆ. ಕೈ ಒಂದು ನಿಜ ಅನ್ನಿಸ್ತು, ಬಂದೆ. ಈ ಕಿರುಬೆರಳಿಗೆ ಏನಾಯ್ತು?"

ಅಣ್ಣ ಹೇಳತೊಡಗಿದ. ಬಾಗಿಲು, ಅದರ ಸ್ಪ್ರಿಂಗು, ಆ ದಿನ ಒಳಗೆ ಸಿಕ್ಕಿಕೊಂಡಿದ್ದ ಅಜ್ಜಿ. ಕಾಫಿ ತಣ್ಣಗಾಯಿತು. ಮೇಜು ಕುಂಟಲಿಲ್ಲ, ನಿಜವಾಗಿಯೂ ಸರಿ ಮಾಡಿದ್ದ.

ಹೊರಡುವ ಮೊದಲು ಅವರು ಮೊಬೈಲ್ ಎತ್ತಿದರು. "ಅಪ್ಪನಿಗೆ ತೋರಿಸೋಕೆ ಒಂದು ಸರಿಯಾದ ಫೋಟೋ ಬೇಕು. ನಾನೇ ತೆಗೀತೀನಿ."

ಕಿಟಕಿ ಅಣ್ಣನ ಬೆನ್ನ ಹಿಂದಿತ್ತು. ಅರ್ಧ ಮುಖ ಕತ್ತಲು, ನೆತ್ತಿ ಮಾತ್ರ ಫಳಫಳ, ಕಾಲರ್ ಒಂದು ಕಡೆ ಮಡಚಿತ್ತು. ಇಷ್ಟು ವರ್ಷದಲ್ಲಿ ಇಷ್ಟು ಕೆಟ್ಟ ಫೋಟೋ ನಾನು ಕಂಡಿರಲಿಲ್ಲ. ಸ್ವಲ್ಪ ಈ ಕಡೆ ತಿರುಗಿಸಿ ಎನ್ನಲು ಬಾಯಿ ತೆರೆದೆ. ಅಣ್ಣ ನನ್ನನ್ನು ನೋಡಿದ. ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ.

ಅವರು ಅಲ್ಲೇ ಅದನ್ನು ಅಪ್ಪನಿಗೆ ಕಳಿಸಿದರು. ನನ್ನ ಮೊಬೈಲ್ ಹೊಡೆದುಕೊಂಡಿತು. ಅಮ್ಮ.

"ಏನಾಯ್ತೇ? ಅವಳಿಗೆ ಫೋಟೋ ಹಿಡಿಸ್ತಂತಾ?"